ಬಾಣ ಬಿಟ್ಟ ಮೇಲಿನ ಒಂದು ಗಂಟೆ

ಹುಲ್ಲಿನ ಕಟ್ಟಿನ ಹುರಿ ಕತ್ತರಿಸುತ್ತಿದ್ದಾಗ ಕೊರಿನ್‌ಗೆ ಕೈಯಲ್ಲಿರುವುದು ಗಂಡ ಡೆವಿನ್‌ನ ಚಾಕು ಎಂದು ತಿಳಿಯಿತು. ಅವಳು ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಬೇಲಿಯ ಒಳಗೆ ಪರ್ಲ್, ಬೇಟೆಗೆಂದು ಡೆವಿನ್ ಎರವಲು ತಂದಿದ್ದ ಹೇಸರಗತ್ತೆ, ಗೊರಸಿನಿಂದ ನೆಲ ಕೆರೆಯುತ್ತಿತ್ತು. ನಿನ್ನೆ ಅವನನ್ನು ಮಣ್ಣು ಮಾಡಿ ಬಂದ ಜನ ತಟ್ಟೆ ತೊಳೆದಿದ್ದರು, ಕುರ್ಚಿ ಮಡಚಿದ್ದರು, ಉಳಿದ ಅಡುಗೆಯನ್ನು ಡಬ್ಬಿಗೆ ತುಂಬಿ ಅವಳ ಫ್ರಿಜ್ಜಿನಲ್ಲಿ ಜೋಡಿಸಿ ಹೋಗಿದ್ದರು. ಈ ಪ್ರಾಣಿಗೆ ಮೇವು ಹಾಕಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಅವಳಿಗೂ.

ರಸ್ತೆಯಲ್ಲಿ ಶಾಲೆಯ ಬಸ್ಸು ಹಾದುಹೋಯಿತು. ಚಾಲಕ ದಿನವೂ ಮಾಡುವಂತೆ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿದ. ಎತ್ತಿದ ಮೇಲೆ ತಪ್ಪು ಮಾಡಿದವನಂತೆ ಇಳಿಸಿದ.

ಏಳೂವರೆಗೆ ಕರ್ಟ್ ಬಂದ. ಡೆವಿನ್‌ನ ಅಣ್ಣ. ಬೇಟೆಗೆ ಹೋದ ತಮ್ಮನ ಹೆಣವನ್ನು ಮೂರನೆಯ ದಿನ ಕಣಿವೆಯಲ್ಲಿ ಕಂಡವನೂ ಅವನೇ.

"ಪರ್ಲ್‌ನ ನಾನು ಬಿಟ್ಟು ಬರ್ತೀನಿ," ಅಂದ. "ಟ್ರೇಲರ್ ತಂದಿದೀನಿ."

"ಬೇಡ. ನಾನೇ ನಡೆಸ್ಕೊಂಡು ಹೋಗ್ತೀನಿ."

"ವರ್ನಾ ಮನೆ ನಾಲ್ಕು ಮೈಲಿ ಕಣಮ್ಮ."

"ಗೊತ್ತು ಕರ್ಟ್."

ಅವನು ಟೋಪಿ ತೆಗೆದು, ಒಳಗೆ ಏನೋ ಬರೆದಿರುವಂತೆ ನೋಡಿ, ಮತ್ತೆ ಹಾಕಿಕೊಂಡ. "ಮುದುಕಿ ಹತ್ರ ಏನೂ ಕೇಳೋಕೆ ಹೋಗ್ಬೇಡ. ಬಾಯಿಗೆ ಬಂದದ್ದು ಹೇಳಿಬಿಡ್ತಾಳೆ."

ಹೋಗಲೇಬೇಕು ಎಂದು ಕೊರಿನ್‌ಗೆ ಖಚಿತವಾದದ್ದು ಆಗ.

*

ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಬನ್ನು, ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ, ನೀರಿನಂಥ ಕಾಫಿ. ಹೆಂಗಸರು ಅವಳ ಭುಜ ಮುಟ್ಟಿ ಮುಂದೆ ಸರಿದರು. ಗಂಡಸರು ಕಾಫಿಯ ಪಾತ್ರೆಯ ಪಕ್ಕ ನಿಂತು ಎಲ್ಕ್ ಬೇಟೆಯ ಮಾತಾಡಿದರು. ಮೊಂಟಾನಾದ ಆ ಊರಿನಲ್ಲಿ ಸೆಪ್ಟೆಂಬರ್ ತಿಂಗಳು ಗಂಡಸರಿಗೆ ಬೇರೆ ಮಾತು ಬರುವುದಿಲ್ಲ. ಎಲ್ಕ್ ಅಂದರೆ ಕುದುರೆಯಷ್ಟು ದೊಡ್ಡ ಜಿಂಕೆ. ಒಂದು ಸಿಕ್ಕರೆ ಒಂದು ಮನೆಗೆ ಚಳಿಗಾಲ ಕಳೆಯಿತು.

ಸತ್ತವನ ತಪ್ಪನ್ನು ಯಾರೂ ಎತ್ತಲಿಲ್ಲ. ಬದಲಿಗೆ ಒಬ್ಬೊಬ್ಬರೂ ತಮ್ಮ ತಮ್ಮ ತಪ್ಪು ಹೇಳಿಕೊಂಡರು. ಅದು ಅವರ ಅಳುವ ರೀತಿ.

"ಗಾಳಿ ನೋಡ್ದೆ ಹೋಗಿ ನಾನು ಎಷ್ಟು ಎಲ್ಕ್ ಓಡಿಸಿದೀನೋ ಲೆಕ್ಕ ಇಲ್ಲ," ಅಂದ ಮೇವಿನ ಅಂಗಡಿಯ ಗಸ್.

"ಗಾಳಿ ನೋಡಿದ್ರೂ ಓಡ್ತವೆ ಬಿಡೋ. ನಿನ್ನ ಬೂಟಿನ ವಾಸನೆ ಅಂಥಾದ್ದು," ಅಂದ ಪಕ್ಕದವನು.

"ನಿಂದೇನು ಕಮ್ಮಿಯಾ? ಮುಕ್ಕಾಲು ಗಂಟೆ ಪೊದೆ ಹಿಂದೆ ಕೂತು ಗಂಡು ಎಲ್ಕ್ ಥರ ಸಿಳ್ಳೆ ಹಾಕಿದೆ. ಆ ಕಡೆಯಿಂದ ತಿರುಗಿ ಸಿಳ್ಳೆ ಹಾಕ್ತಾ ಇದ್ದೋನು ನಿನ್ನ ಭಾವಮೈದ."

"ಚೆನ್ನಾಗೇ ಕೂಗ್ತಾ ಇದ್ದ ಮಾರಾಯ. ನನಗೆ ಪ್ರೀತಿನೇ ಬಂದಿತ್ತು."

ನಗು ಎದ್ದಿತು. ಆ ನಗುವಿನಲ್ಲೇ ಗಸ್‌ನ ಬಾಯಿ ಜಾರಿತು. "ಏನೇ ಅನ್ನಿ, ಕರಡಿಗೆ ಊಟ ಬಡಿಸ್ದೋನು ಮಾತ್ರ ನಮ್ಮೂರಲ್ಲಿ ಒಬ್ನೇ..."

ಯಾರೋ ಅವನ ಮೊಣಕೈ ಹಿಡಿದರು. ಎಲ್ಲರೂ ಕೊರಿನ್ ಕಡೆ ನೋಡಿದರು. ನೋಡಿ, ತಟ್ಟೆಯ ಕಡೆಗೆ ಬಗ್ಗಿದರು.

ಅವಳು ಎದ್ದು, ಕೋಟು ತೂಗುಹಾಕುವ ಮೂಲೆಯಲ್ಲಿ ನಿಂತಿದ್ದ ಕರ್ಟ್ ಹತ್ತಿರ ಹೋದಳು.

"ಬಾಣ ಹೊಡೆದ ಮೇಲೆ ಅವನು ಕಾದಿದ್ನಾ?"

"ಕಾದಿದ್ದ. ಪೂರ್ತಿ ಒಂದು ಗಂಟೆ."

"ಎಲ್ಕ್ ಎಷ್ಟು ಕಡೆ ಮಲಗಿತ್ತು?"

"ಒಂದೇ ಕಡೆ." ಕರ್ಟ್ ಇದನ್ನು ತನ್ನ ಕೈಯಲ್ಲಿದ್ದ ಬನ್ನಿಗೆ ಹೇಳಿದ.

ಕೊರಿನ್ ಬೇಟೆಯಾಡಿದವಳಲ್ಲ, ಶಾಲೆಯಲ್ಲಿ ಪಾಠ ಮಾಡುವವಳು. ಆದರೆ ಆ ಊರಲ್ಲಿ ಹನ್ನೆರಡು ವರ್ಷದ ಮಕ್ಕಳಿಗೂ ಗೊತ್ತಿರುವುದು ಅವಳಿಗೂ ಗೊತ್ತಿತ್ತು. ಬಾಣ ತಗುಲಿದ ಎಲ್ಕ್ ತಕ್ಷಣ ಬೀಳುವುದಿಲ್ಲ. ಸ್ವಲ್ಪ ದೂರ ಓಡಿ, ಬೆನ್ನ ಹಿಂದೆ ಯಾರೂ ಇಲ್ಲ ಅನಿಸಿದರೆ ಮಲಗುತ್ತದೆ. ಮಲಗಿದಲ್ಲೇ ಪ್ರಾಣ ಬಿಡುತ್ತದೆ. ಅದಕ್ಕೇ ಬೇಟೆಗಾರ ಬಾಣ ಬಿಟ್ಟ ಜಾಗದಲ್ಲೇ ಒಂದು ಗಂಟೆ ಕೂರಬೇಕು. ಬಾಣ ಹೊಟ್ಟೆಗೆ ಬಿದ್ದಿದ್ದರೆ ಇಡೀ ರಾತ್ರಿ. ಆತುರಪಟ್ಟು ಹಿಂದೆ ಹೋದರೆ ಅದು ಎದ್ದು ಓಡುತ್ತದೆ, ಯಾವಾಗಲೂ ಇಳಿಜಾರಿನ ಕಡೆಗೇ. ಮತ್ತೆ ಮಲಗುತ್ತದೆ, ಮತ್ತೆ ಏಳುತ್ತದೆ.

ಒಂದೇ ಕಡೆ ಮಲಗಿದ ಎಲ್ಕ್ ಕಣಿವೆಯ ತಳ ಮುಟ್ಟಿದ್ದು ಹೇಗೆ? ಇದನ್ನು ಅವಳು ಕರ್ಟ್‌ನನ್ನು ಕೇಳಲಿಲ್ಲ. ಪಾದ್ರಿ ಬಂದು ಅವಳ ಕೈ ಹಿಡಿದುಕೊಂಡಿದ್ದರು.

*

ಹೋದ ವರ್ಷ ಡೆವಿನ್ ಕಾದಿದ್ದ.

ಬಾಣ ಹೊಟ್ಟೆಗೆ ಬಿದ್ದಿತ್ತು. ಪಾಠ ಕಲಿತ ಹಾಗೆಯೇ ಅವನು ಮನೆಗೆ ಬಂದು, ಬೂಟು ಬಿಚ್ಚದೆ ಅಡುಗೆಮನೆಯಲ್ಲಿ ರಾತ್ರಿ ಕಳೆದು, ಬೆಳಕು ಹರಿಯುವ ಮುಂಚೆ ಹತ್ತಿ ಹೋದ. ಅಲ್ಲಿ ಕರಡಿ ಊಟ ಮುಗಿಸಿ, ಉಳಿದದ್ದರ ಮೇಲೆ ಮಣ್ಣು ಎಳೆದು ಹೋಗಿತ್ತು. ಅವನು ಮನೆಗೆ ತಂದದ್ದು ಎರಡು ಕೊಂಬು.

ಆ ಚಳಿಗಾಲ ಅಂಗಡಿಯ ಮಾಂಸ ತಿಂದರು. ಕೊರಿನ್ ಮೊದಲ ಸಲ ಹೇಳಿದ್ದು ತಮಾಷೆಗೆ. ಕರ್ಟ್, ಅವನ ಹೆಂಡತಿ, ಗಸ್, ಎಲ್ಲ ಊಟಕ್ಕೆ ಕೂತಿದ್ದಾಗ ಕೋಳಿಯ ತಟ್ಟೆ ಇಡುತ್ತ ಅಂದಳು: "ಎಲ್ಕ್ ಬೇಕಾದ್ರೆ ಗುಡ್ಡಕ್ಕೆ ಹೋಗಿ. ನನ್ನ ಗಂಡ ಕರಡಿಗೆ ಬಡಿಸಿ ಕೈ ಕಟ್ಟಿ ನಿಂತಿದ್ದ." ಮೇಜು ಬಡಿದು ನಕ್ಕರು. ಡೆವಿನ್ ಎಲ್ಲರಿಗಿಂತ ಹೆಚ್ಚು ನಕ್ಕ. ಮಾತು ಊರು ಸುತ್ತಿ, ಅಡ್ಡಹೆಸರಾಗಿ ವಾಪಸು ಬಂತು. ಮಾರ್ಚಿನ ಹೊತ್ತಿಗೆ ಅಂಚೆಯವಳೂ ಕೇಳುತ್ತಿದ್ದಳು, ಕರಡಿಗೆ ಇವತ್ತು ಏನು ಅಡುಗೆ ಎಂದು.

ಈ ಸೆಪ್ಟೆಂಬರಿನ ಶನಿವಾರ ಅವನು ಬಿಲ್ಲು ತೆಗೆದುಕೊಂಡು ಹೊರಟಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದು ಅಷ್ಟೇ: "ಈ ಸಲ ನಮಗೂ ಸ್ವಲ್ಪ ಉಳಿಸು."

ಆ ಸಂಜೆ ಆಲಿಕಲ್ಲು, ಆಮೇಲೆ ಹಿಮ. ಒಂದು ತೊಡೆಯ ಮಾಂಸ ಬೆನ್ನಿಗೆ ಕಟ್ಟಿಕೊಂಡು ಕಣಿವೆಯಿಂದ, ಪರ್ಲ್ ಕಟ್ಟಿದ್ದ ಮೇಲಿನ ಜಾಗಕ್ಕೆ, ಕತ್ತಲಲ್ಲಿ ಬಂಡೆ ಹತ್ತುವಾಗ ಅವನ ಕಾಲು ಜಾರಿದೆ. ಬೆನ್ನಿನ ಹೊರೆ ಬಿಚ್ಚಿರಲಿಲ್ಲ ಎಂದು ಹುಡುಕಲು ಹೋದವರು ಹೇಳಿದ್ದರು.

*

ಪರ್ಲ್ ಎಳೆಯದೆ, ಹಿಂದುಳಿಯದೆ ನಡೆಯಿತು. ದಾರಿಯಲ್ಲಿ ಎರಡು ಪಿಕಪ್ ಗಾಡಿಗಳು ನಿಧಾನಿಸಿದವು, ಅವಳು ತಲೆಯೆತ್ತಲಿಲ್ಲ.

ವರ್ನಾ ಅಂಗಳದಲ್ಲಿ ಇನ್ನೊಂದು ಹೇಸರಗತ್ತೆಯ ಗೊರಸು ಹೆರೆಯುತ್ತಿದ್ದಳು. ಎಪ್ಪತ್ತೈದರ ಮುದುಕಿ. ನಲವತ್ತು ವರ್ಷ ಊರಿನ ಪ್ರತಿ ಮಗುವಿಗೂ ಶಾಲೆಯ ಆಟದ ಕೋಣೆಯಲ್ಲಿ ಬೇಟೆಯ ಪಾಠ ಹೇಳಿದವಳು. ಡೆವಿನ್‌ಗೂ.

"ಕುಂಟ್ತಾ ಇಲ್ಲ ತಾನೆ?" ಅಂದಳು, ತಲೆಯೆತ್ತದೆ.

"ಇಲ್ಲ."

ಮುದುಕಿ ಎದ್ದು ಬಂದು ಪರ್ಲ್‌ನ ತುಟಿ ಎತ್ತಿ ನೋಡಿದಳು. "ವಸಡೆಲ್ಲ ಗಾಯ. ಮರದ ತೊಗಟೆ ತಿಂದಿದಾಳೆ. ಎರಡು ರಾತ್ರಿ ಕಟ್ಟಿದ ಕಡೆ ನಿಂತೋಳು ಇನ್ನೇನು ತಿಂತಾಳೆ. ಗಂಟು ಮಾತ್ರ ಚೆನ್ನಾಗಿ ಹಾಕಿದ್ದ."

"ವರ್ನಾ, ನೀವೂ ಹುಡುಕೋಕೆ ಹೋಗಿದ್ರಿ."

"ಹೋಗಿದ್ದೆ."

"ಎಲ್ಕ್ ಒಂದೇ ಕಡೆ ಮಲಗಿತ್ತು ಅಂದ ಕರ್ಟ್."

"ಕರ್ಟ್ ಒಳ್ಳೇ ಹುಡುಗ."

"ಎಷ್ಟು ಕಡೆ?"

ವರ್ನಾ ಗೊರಸಿನ ಚಾಕುವನ್ನು ಸೊಂಟಕ್ಕೆ ಕಟ್ಟಿದ್ದ ಚರ್ಮದ ಏಪ್ರನ್‌ಗೆ ಒರೆಸಿದಳು. ಈ ಕಡೆ ಒಂದು ಸಲ, ಆ ಕಡೆ ಒಂದು ಸಲ. "ಮನೆಗೆ ಹೋಗಿ ಮಲಕ್ಕೊ, ಮಗಳೇ."

"ಮಲಗಕ್ಕೆ ಆಗ್ತಾ ಇಲ್ಲ. ಕಣ್ಣು ಮುಚ್ಚಿದ್ರೆ ನಾನೇ ಆ ಗುಡ್ಡದಲ್ಲಿ ರಕ್ತ ಹುಡುಕ್ತಾ ಇರ್ತೀನಿ. ಎಷ್ಟು ಕಡೆ ಅಂತ ನನಗೊಬ್ಬಳಿಗೆ ಹೇಳಿ. ಯಾರಿಗೂ ಹೇಳಲ್ಲ."

"ಮೂರು," ಅಂದಳು ವರ್ನಾ.

ಕೊರಿನ್ ತಲೆಯಾಡಿಸಿದಳು, ತರಗತಿಯಲ್ಲಿ ಸರಿಯುತ್ತರ ಕೇಳಿದಾಗ ಆಡಿಸುವ ಹಾಗೆ.

"ಮೊದಲನೇದು ಬಾಣ ಹೊಡೆದ ಕಡೆಯಿಂದ ಎಂಬತ್ತು ಹೆಜ್ಜೆ. ಅಲ್ಲಿ ರಕ್ತ ಅಂಗೈಯಷ್ಟು. ಮಲಗಿ ಐದು ನಿಮಿಷನೂ ಆಗಿರ್ಲಿಲ್ಲ, ಎಬ್ಬಿಸಿಬಿಟ್ಟಿದಾನೆ. ಕೂತಿದ್ದಿದ್ರೆ ಅಲ್ಲೇ ಸಿಕ್ತಿತ್ತು. ಊಟದ ಹೊತ್ತಿಗೆ ಮನೇಲಿರ್ತಿದ್ದ."

"ನಾನು ಅವನಿಗೆ ಒಂದು ಮಾತು..."

"ಗೊತ್ತು. ಪರ್ಲ್‌ನ ಕೇಳೋಕೆ ಶನಿವಾರ ಬಂದಾಗ ಅವನೇ ಹೇಳ್ದ. ಈ ಸಲ ಕರಡಿಗೆ ಬಿಟ್ರೆ ಹೆಂಡತಿ ಒಳಗೆ ಸೇರಿಸಲ್ಲ, ನಾನು ಕಾಯಲ್ಲ ವರ್ನಾ, ಅಂದ."

"ನೀವೇನಂದ್ರಿ?"

ವರ್ನಾ ಪರ್ಲ್‌ನ ಕುತ್ತಿಗೆ ಸವರಿದಳು. ಆ ಕಡೆಯ ಹೇಸರಗತ್ತೆ ಎತ್ತಿದ್ದ ಕಾಲನ್ನು ತಾನಾಗಿ ಇಳಿಸಿತು.

"ಹೋದ ವರ್ಷ ನೀನು ಮಾಡಿದ್ದು ತಪ್ಪಲ್ಲ ಕಣೋ ಅಂತ ಹೇಳ್ಬೇಕಾಗಿತ್ತು. ಅಷ್ಟೇ ಸಾಕಾಗಿತ್ತು. ನಲವತ್ತು ವರ್ಷ ಅದನ್ನೇ ಹೇಳಿದೋಳು ನಾನು." ಅವಳು ಕೊರಿನ್ ಮುಖವನ್ನು ನೇರವಾಗಿ ನೋಡಿದಳು. "ನಕ್ಕೆ. ನಕ್ಕು ಹಗ್ಗ ಕೈಗೆ ಕೊಟ್ಟೆ."

ಕೊರಿನ್ ಇನ್ನೊಂದು ಮಾತಿಗಾಗಿ ಕಾದಳು. ನಿನ್ನೆಯಿಂದ ಎಲ್ಲರೂ ಹೇಳುತ್ತಿದ್ದ ಮಾತು, ನಿನ್ನದೇನೂ ತಪ್ಪಿಲ್ಲ ಎಂಬುದು. ವರ್ನಾ ಅದನ್ನು ಹೇಳಲಿಲ್ಲ.

"ತಗೊಳ್ಳಿ, ನಿಮ್ಮ ಪರ್ಲ್," ಅಂದಳು ಕೊರಿನ್, ಹಗ್ಗದ ಕೈ ಮುಂದೆ ಚಾಚಿ.

ವರ್ನಾ ಹಗ್ಗದ ತುದಿ ಹಿಡಿದು ಎಳೆದಳು. ಬರಲಿಲ್ಲ.

"ಬಿಡು, ಮಗಳೇ."

"ಬಿಟ್ಟಿದೀನಲ್ಲ."

ಮುದುಕಿ ಅವಳ ಮುಷ್ಟಿಯನ್ನು ನೋಡಿದಳು. ಚಾಕು ಕೆಳಗಿಟ್ಟು, ಎರಡೂ ಕೈಗಳಿಂದ ಆ ಮುಷ್ಟಿಯನ್ನು ಹಿಡಿದು, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದಳು. ಹಗ್ಗ ಜಾರಿ ವರ್ನಾಳ ಕೈ ಸೇರಿತು. ಕೊರಿನ್ ಅಂಗೈಯಲ್ಲಿ ಅದರ ಹೆಣಿಗೆ ಕೆಂಪಗೆ ಒತ್ತಿಕೊಂಡಿತ್ತು. ಇಬ್ಬರೂ ನೋಡುತ್ತಿದ್ದಂತೆಯೇ ಬೆರಳುಗಳು ಮತ್ತೆ ಮಡಚತೊಡಗಿದವು, ಅಲ್ಲಿ ಇಲ್ಲದ ಹಗ್ಗದ ಸುತ್ತ.