ರೇಡಿಯಂ ನಕ್ಷತ್ರ

"ಕಂಬಳಿಗೆ ಮೊಳೆ ಹೊಡೀಬ್ಯಾಡ ಕಣೇ! ದೇವ್ರು ಕೂರ್ಸಕ್ಕೆ ಹಾಸಿರೋದು ಅದು," ಎಂದು ಕಾಂತಮ್ಮ ಕೆಳಗಿನಿಂದ ಕೂಗಿಕೊಂಡಳು.

ಸ್ಟೂಲಿನ ಮೇಲೆ ನಿಂತಿದ್ದ ವಿದ್ಯಾಶ್ರೀ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ತೆಗೆದು ಕಿಟಕಿಯ ಮೇಲಿಟ್ಟಳು. "ಹಂಗಾದ್ರೆ ಬಟ್ಟೆ ಕ್ಲಿಪ್ಪು ಕೊಡವ್ವ. ಅಗೋ, ಬಕೆಟ್ಟಲ್ಲಿದಾವೆ."

ಮನೆಯಲ್ಲಿರುವ ಕಂಬಳಿಗಳನ್ನೆಲ್ಲ ತಗೊಂಡು ಬಾ ಎಂದು ಮಗಳು ಫೋನಿನಲ್ಲಿ ಹೇಳಿದ್ದಕ್ಕೆ ಕಾಂತಮ್ಮ ಮೂರು ಕರಿ ಕಂಬಳಿಗಳನ್ನು ಹಗ್ಗದಲ್ಲಿ ಗಂಟು ಕಟ್ಟಿ, ಯಗಟಿಯಿಂದ ಬೆಳಗಿನ ಬಸ್ಸು ಹತ್ತಿದ್ದಳು. ಮೊಮ್ಮಗಳ ಹುಟ್ಟಿದಹಬ್ಬಕ್ಕೆ ನೆಂಟರು ಬಂದು ಉಳಿಯುತ್ತಾರೆ, ಹೊದೆಯಲು ಸಾಲದು ಎಂದು ಅವಳ ಲೆಕ್ಕಾಚಾರ. ತರೀಕೆರೆಗೆ ಬಂದು ಇಳಿದ ಮೇಲೆ ತಿಳಿಯಿತು, ಕಂಬಳಿ ಬೇಕಾಗಿದ್ದು ಕಿಟಕಿಗಳಿಗೆ ಎಂದು.

"ಹುಟ್ಟಿದಬ್ಬ ಅಂದ್ರೆ ಮನೆ ತುಂಬ ದೀಪ ಹಚ್ತಾರೆ. ನೀವು ಇರೋ ದೀಪಾನೂ ಆರ್ಸ್ತೀರಲ್ಲೇ."

"ಗ್ಲೋ ಪಾರ್ಟಿ ಕಣವ್ವ. ಕತ್ಲೇಲಿ ಹೊಳೀಬೇಕು ಎಲ್ಲ. ಗೋಡೆ ಮೇಲೆ ನಕ್ಷತ್ರ, ಮಕ್ಕಳ ಕೈಗೆ ಹೊಳೆಯೋ ಪಟ್ಟಿ. ನೋಡ್ತಿರು, ನೀನೇ ಬಾಯಿ ಬಿಡ್ತೀಯ."

ಇಂಥದ್ದೊಂದು ಪಾರ್ಟಿ ಬೇಕು ಎಂದು ಮಗಳು ಅನ್ವಿತಾ ಕೇಳಿದ್ದಳೇ ಎಂದರೆ ಇಲ್ಲ. ಮೊಬೈಲಿನಲ್ಲಿ ನೋಡಿ ಮರುಳಾದವಳು ವಿದ್ಯಾಶ್ರೀ. ಬರಿಯ ಮರುಳಲ್ಲ, ಅವಳ ತಲೆಯಲ್ಲಿ ಒಂದು ಉಪಾಯವೂ ಇತ್ತು. ಮುಂದಿನ ಭಾನುವಾರಕ್ಕೆ ಹತ್ತು ತುಂಬುವ ಮಗಳಿಗೆ ಕತ್ತಲೆಂದರೆ ಭಯ. ಕರೆಂಟು ಹೋದರೆ ಕೂತಲ್ಲೇ ಕೂತುಬಿಡುತ್ತಾಳೆ, ಉಣ್ಣುತ್ತಿದ್ದರೆ ತಟ್ಟೆಯೊಳಗೇ ಕೈಯಿಟ್ಟುಕೊಂಡು. ಗೆಳತಿ ವಿಭಾಳ ಮನೆಯ ತಾರಸಿಯಿಂದ ಮುಸ್ಸಂಜೆ ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದ ಗುರುತು ಇನ್ನೂ ಗಲ್ಲದ ಮೇಲಿದೆ. ಓಣಿಯ ಮಕ್ಕಳು ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟು ಎರಡು ವರ್ಷವಾಯಿತು. ಕತ್ತಲಲ್ಲೇ ಹಾಡು, ಕೇಕು, ಕುಣಿತ ಎಲ್ಲ ನಡೆದರೆ ಭಯ ತಾನಾಗಿ ಬಿಟ್ಟುಹೋಗುತ್ತದೆ ಎಂಬುದು ತಾಯಿಯ ಉಪಾಯ. ತಾಯಂದಿರ ಇಂಥ ಉಪಾಯಗಳಿಗೆ ಅಡ್ಡ ಬರುವ ಧೈರ್ಯ ಯಾವ ಗಂಡನಿಗಿದೆ?

ಆದರೂ ತಿಪ್ಪೇಶ ಮಗಳ ಪರವಾಗಿ ಒಂದು ಮಾತು ಆಡಿದ್ದ. "ಅದು ನಮ್ಮನೆ ರಕ್ತ ಕಣೇ. ನಮ್ಮಪ್ಪ ದೀಪ ಹಚ್ಚಿದ್ ಮೇಲೆ ಹೊಸ್ಲು ದಾಟ್ತಿದ್ನಾ? ಯಾರನ್ನೂ ದಾಟಕ್ಕೆ ಬಿಡ್ತಿದ್ನಾ?"

ಆ ಪದ್ಧತಿ ವಿದ್ಯಾಶ್ರೀಗೂ ಗೊತ್ತಿದ್ದದ್ದೇ. ತಿಪ್ಪೇಶ ಅವಳ ಗಂಡನಾಗುವ ಮೊದಲು ಅವಳ ಸೋದರಮಾವ, ಕಾಂತಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಹಾಗಾಗಿ ತಿಪ್ಪೇಶನ ಅಪ್ಪ ಈರಭದ್ರಪ್ಪ ಅವಳಿಗೆ ತಾತ, ಮದುವೆಯ ನಂತರ ಮಾವ. ಯಗಟಿಯ ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮದುವೆಯಾಗಲಿ ಸಾವಾಗಲಿ, ಯಜಮಾನ ಹೊರಡುತ್ತಿರಲಿಲ್ಲ. ಊರಿನವರು ಅದನ್ನು ಗತ್ತು ಎನ್ನುತ್ತಿದ್ದರು, ಮನೆಯವರು ಹೆಮ್ಮೆಯಿಂದ ಪದ್ಧತಿ ಎನ್ನುತ್ತಿದ್ದರು. ಈಗಲೂ ತರೀಕೆರೆಯಲ್ಲಿ ತಿಪ್ಪೇಶ ಆರಕ್ಕೆಲ್ಲ ಅಂಗಡಿ ಮುಚ್ಚಿ ಬಂದುಬಿಡುತ್ತಾನೆ.

ಅಂಗಡಿ ಬಸ್ ಸ್ಟ್ಯಾಂಡಿನ ಪಕ್ಕ, ರೇಡಿಯಂ ಕಟಿಂಗಿನದು. ಆಟೋ, ಟ್ರ್ಯಾಕ್ಟರು, ಬೈಕುಗಳ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಅಂಟಿಸುವುದು ಅವನ ಕಸುಬು. ಅಂಗಡಿಯಲ್ಲಿದ್ದ ಶೀಟು ಮೇಲೆ ಬೆಳಕು ಬಿದ್ದರೆ ಮಾತ್ರ ಮಿಂಚುವಂಥದ್ದು. ಬೆಳಕು ಕುಡಿದಿಟ್ಟುಕೊಂಡು ಕತ್ತಲಲ್ಲಿ ತಾನೇ ಹೊಳೆಯುವ ಶೀಟನ್ನು ಮಗಳಿಗಾಗಿ ಶಿವಮೊಗ್ಗದಿಂದ ತರಿಸಿ, ಬಿಡುವಾದಾಗಲೆಲ್ಲ ಕೂತು ಅರವತ್ತು ನಕ್ಷತ್ರ ಕತ್ತರಿಸಿದ್ದ. ಉಳಿದ ಚೂರಿನಲ್ಲಿ ಒಂದು ಚಂದ್ರ, ಕೈ ರೂಢಿಗೆ ಬಂದದ್ದರಿಂದ ಒಂದು ಟ್ರ್ಯಾಕ್ಟರು. ಇದಲ್ಲದೆ ಗೇಣುದ್ದದ ಅಕ್ಷರಗಳಲ್ಲಿ ಮಗಳ ಹೆಸರು. ಬೆಳಿಗ್ಗೆಯೇ ಎಲ್ಲವನ್ನೂ ಸೋಫಾದ ಹಿಂದಿನ ಗೋಡೆಗೆ ಅಂಟಿಸಿದ್ದಾಗಿತ್ತು.

ಪಾರ್ಟಿಗೆ ಮೊದಲು ಒಮ್ಮೆ ನೋಡಿಬಿಡೋಣ ಎಂದು ಮಧ್ಯಾಹ್ನ ಮೂರಕ್ಕೆ ಕಿಟಕಿಗಳನ್ನು ಮುಚ್ಚಿದರು. ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದರು. ಟ್ಯೂಬ್‌ಲೈಟು ಉರಿಸಿ ನಕ್ಷತ್ರಗಳಿಗೆ ಅರ್ಧ ಗಂಟೆ ಬೆಳಕು ಕುಡಿಸಿದರು. ಹುಟ್ಟಿದಹಬ್ಬದ ಹುಡುಗಿಗೆ ಗುರುತಿರಲಿ ಎಂದು ತಿಪ್ಪೇಶ ಅನ್ವಿತಾಳ ಹೇರ್‌ಬ್ಯಾಂಡಿನ ಮುಂದಕ್ಕೂ ಒಂದು ನಕ್ಷತ್ರ ಅಂಟಿಸಿದ. ಅವಳು ಹಾಲ್‌ನ ನಡುವೆ ಕೈಕಟ್ಟಿ, ಪರೀಕ್ಷೆಗೆ ಕೂತವಳ ಮುಖ ಮಾಡಿಕೊಂಡು ನಿಂತಿದ್ದಳು.

"ರೆಡಿನಾ ಪುಕ್ಕಲಿ?" ಎಂದು ವಿದ್ಯಾಶ್ರೀ ಸ್ವಿಚ್ಚು ಒತ್ತಿದಳು.

ಕತ್ತಲು ಕವಿಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ತಿಳಿಹಸಿರು ಚುಕ್ಕಿಗಳು ಒಂದೊಂದಾಗಿ ಮೇಲೆದ್ದು ಬಂದವು. "ಅಯ್ ಶಿವ್ನೇ!" ಎಂದು ಕಾಂತಮ್ಮ ನಿಜಕ್ಕೂ ಬಾಯಿ ಬಿಟ್ಟಳು. "ಟ್ರ್ಯಾಕ್ಟ್ರೂ ಇದೆಯಲ್ಲೋ ತಿಪ್ಪ!"

"ತುಂಬಾ ಚೆನ್ನಾಗಿದೆ ಅಮ್ಮ," ಎಂದಳು ಅನ್ವಿತಾ. "ಎಷ್ಟೊಂದ್ ಸ್ಟಾರು!"

ವಿದ್ಯಾಶ್ರೀಗೆ ಗೆದ್ದ ಸಂತೋಷ. ಮಗಳತ್ತ ತಿರುಗಿ ನೋಡಿದಳು. ಹೇರ್‌ಬ್ಯಾಂಡಿನ ನಕ್ಷತ್ರ ದಿಕ್ಕು ತಪ್ಪಿದಂತೆ ತನ್ನ ಕಡೆಗೇ ಮುಖ ಮಾಡಿಕೊಂಡಿತ್ತು. ವಿದ್ಯಾಶ್ರೀ ನಿಂತಿದ್ದದ್ದು ಅಡಿಗೆಮನೆಯ ಬಾಗಿಲಲ್ಲಿ. ನಕ್ಷತ್ರಗಳೆಲ್ಲ ಇದ್ದದ್ದು ಮಗಳ ಬೆನ್ನಿಗೆ.

"ನಿನ್ನೆಸ್ರು ಎಲ್ಲಿದೆ ಹೇಳು ಮಗಾ," ಎಂದ ತಿಪ್ಪೇಶ ಉತ್ಸಾಹದಲ್ಲಿ.

"ಅಗೋ ಅಲ್ಲಿ. ಮೇಲ್ಗಡೆ."

"ಅಲ್ಲಿ ನಿಮ್ಮವ್ವ ನಿಂತವಳೆ ಕಣೇ, ಆಟ ಆಡ್ತೀಯ!" ಎಂದು ಕಾಂತಮ್ಮ ನಕ್ಕಳು. ತಿಪ್ಪೇಶ ಗೋಡೆಯಿಂದ ಒಂದು ನಕ್ಷತ್ರ ಕಿತ್ತು ಬೆರಳಿಗೆ ಅಂಟಿಸಿಕೊಂಡು ಮಗಳ ಮುಖದ ಮುಂದೆ ಹಿಡಿದ.

"ಇದೇನು ಮಗಾ?"

ಅನ್ವಿತಾ ಕತ್ತನ್ನು ಅತ್ತಿತ್ತ ಹೊರಳಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, "ಚಂದ್ರ?" ಎಂದಳು.

ಲೈಟು ಹಾಕಿದಾಗ ಅವಳ ಮುಖ ಕಾಪಿ ಹೊಡೆದು ಸಿಕ್ಕಿಬಿದ್ದವಳದಾಗಿತ್ತು. "ನಂಗೇನ್ ಭಯ ಇಲ್ಲಮ್ಮ. ಪಾರ್ಟಿ ಮಾಡೋಣ," ಎಂದು ಮೊದಲೇ ಹೇಳಿಬಿಟ್ಟಳು.

"ಒಂದೂ ಕಾಣ್ಲಿಲ್ವ ನಿಂಗೆ?"

"ಕತ್ಲೇಲಿ ಹೆಂಗಮ್ಮ ಕಾಣುತ್ತೆ?"

"ಮತ್ತೆ ಕಾಣುತ್ತೆ ಅಂದ್ಯಲ್ಲೇ."

"ಎಲ್ರೂ ಹಂಗೇ ಅಂತಾರಲ್ಲ." ಅವಳು ಹೇರ್‌ಬ್ಯಾಂಡು ಕಳಚಿ ಕೈಯಲ್ಲಿ ಹಿಡಿದಳು. "ಯಾರಿಗೂ ಕಾಣಲ್ಲ, ಧೈರ್ಯ ಇರೋರು ಹಂಗೇ ನಡೀತಾರೆ ಅಂದ್ಕೊಂಡಿದ್ದೆ. ನಂಗೆ ಮಾತ್ರ ಧೈರ್ಯ ಇಲ್ಲ ಅಂತ."

ವಿದ್ಯಾಶ್ರೀ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹೋದ ವರ್ಷ ಶ್ರಾವಣದಲ್ಲಿ ಕರೆಂಟು ಹೋದ ಒಂದು ಸಂಜೆ, ಭಯ ಬಿಡಿಸುತ್ತೇನೆಂದು ಹಟ ಹಿಡಿದು ಮಗಳೊಬ್ಬಳನ್ನೇ ಓಣಿಯ ತುದಿಯ ಅಂಗಡಿಗೆ ಮೊಸರು ತರಲು ಕಳಿಸಿದ್ದಳು. ಚರಂಡಿಗೆ ಬಿದ್ದು, ಮೈಯೆಲ್ಲ ಕೆಸರಾಗಿ, ಪ್ಯಾಕೆಟ್ಟನ್ನು ಮಾತ್ರ ಬಿಡದೆ ಎದೆಗೆ ಒತ್ತಿಕೊಂಡು ಬಂದಿತ್ತು ಮಗು. ಕಣ್ಣು ನೆತ್ತಿ ಮೇಲಿಟ್ಟುಕೊಂಡು ನಡೀತೀಯ ಎಂದು ಆ ಹೊತ್ತಿನಲ್ಲಿ ಎರಡು ಬಾರಿಸಿದ್ದಳು. ಆ ಏಟು ಈಗ ಅವಳ ಕೈಯಲ್ಲೇ ಉರಿಯಿತು.

ಕಾಂತಮ್ಮ ಕಿಟಕಿಯ ಕಂಬಳಿಯ ಅಂಚನ್ನು ಹಿಡಿದು ಸವರುತ್ತಿದ್ದಳು. "ತಿಪ್ಪ, ಅಪ್ಪನ ಹಗ್ಗ ಗ್ಯಾಪ್ಕ ಇದೆಯೇನೋ?" ಎಂದಳು.

ತಿಪ್ಪೇಶ ಬೆರಳಿಗಂಟಿದ್ದ ನಕ್ಷತ್ರವನ್ನು ಕೀಳತೊಡಗಿದ.

"ಯಾವ ಹಗ್ಗ?" ಎಂದಳು ವಿದ್ಯಾಶ್ರೀ.

"ತಲಬಾಕ್ಲಿಂದ ಕೊಟ್ಟಿಗೆ ಗೂಟಕ್ಕೆ ಕಟ್ಟಿದ್ದ. ಸಂಜೆ ದನಕ್ಕೆ ಹುಲ್ಲು ಹಾಕಕ್ಕೆ ಹೋಗ್ವಾಗ ಅದನ್ನ ಹಿಡ್ಕಂಡೇ ಹೋಗೋನು. ಯಾಕಪ್ಪ ಅಂದ್ರೆ ಬಟ್ಟೆ ಒಣಗಾಕ್ಲಿ ಅಂತ ಅನ್ನೋನು. ಬಟ್ಟೆ ಹಾಕಿದ್ರೆ ಬೈಯೋನು."

"ವರ್ಷ ವರ್ಷ ಆ ಹಗ್ಗ ಬದ್ಲಾಯಿಸ್ತಿದ್ದೋನು ನಾನೇ," ಎಂದ ತಿಪ್ಪೇಶ. "ಕೊನೆಕೊನೆಗೆ ಹಗಲೊತ್ತೂ ಹಿಡ್ಕಂಡೇ ಹೋಗೋನು. ವಯಸ್ಸಾಯ್ತು ಅಂದ್ಕಂಡೆ."

ವಿದ್ಯಾಶ್ರೀ ತಾಯಿಯ ಮುಖವನ್ನೇ ನೋಡಿದಳು. "ಗೊತ್ತಿದ್ದೂ ನನ್ನನ್ನ ಸೋದರಮಾವಂಗೆ ಕೊಟ್ಯೇನವ್ವ?"

"ಏನ್ ಗೊತ್ತಿತ್ತು ನಂಗೆ? ಅದು ಕಣ್ಣು ಅಂತ ಯಾರ್ ಕಂಡಿದ್ರು? ಪದ್ಧತಿ ಅಂತ ಕುಂತಿದ್ವಿ ಎಲ್ರೂ. ಹೊರಗಿನೋರಿಗೆ ಕೊಟ್ರೆ ಹೆಂಗ್ ನೋಡ್ಕಂತಾರೋ, ನನ್ನ ತಮ್ಮಂಗೆ ಕೊಟ್ರೆ ಮಗಳು ಸುಖವಾಗಿರ್ತಾಳೆ ಅಂತ..." ಕಾಂತಮ್ಮ ಮಾತು ಮುಗಿಸಲಾಗದೆ ಸೆರಗು ಬಾಯಿಗಿಟ್ಟುಕೊಂಡಳು. ಸುಖವಾಗಿಯೇ ಇದ್ದಳು ಮಗಳು. ತಿಪ್ಪೇಶ ಒಂದು ದಿನ ಗದರಿದವನಲ್ಲ. ಅದಕ್ಕೇ ವಿದ್ಯಾಶ್ರೀಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತೋಚಲಿಲ್ಲ.

ಬುಧವಾರ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಮಗುವಿನ ಕಣ್ಣಿಗೆ ಹನಿ ಬಿಟ್ಟು, ಬಗ್ಗಿ ಬಗ್ಗಿ ನೋಡಿ, ಅವಳನ್ನು ನರ್ಸಿನ ಜೊತೆ ಹೊರಗೆ ಕಳಿಸಿದ ಮೇಲೆ ಕೇಳಿದ ಮೊದಲ ಮಾತು, "ನೀವಿಬ್ರೂ ಸಂಬಂಧದಲ್ಲಿ ಮದುವೆ ಆಗಿದ್ದೀರಾ?"

ಹದಿಮೂರು ವರ್ಷ ಯಾರು ಕೇಳಿದರೂ 'ನಮ್ಮಕ್ಕನ ಮಗಳೇ' ಎಂದು ಎದೆಯುಬ್ಬಿಸಿ ಹೇಳುತ್ತಿದ್ದ ತಿಪ್ಪೇಶ ಅದನ್ನು ನೆಲ ನೋಡಿಕೊಂಡು ಹೇಳಿದ.

ಇದು ಬರೀ ಇರುಳುಗಣ್ಣಲ್ಲ ಎಂದರು ಡಾಕ್ಟರಮ್ಮ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಆಮೇಲೆ ನಿಧಾನವಾಗಿ ಎದುರಿನದೂ. ಎಷ್ಟು ವರ್ಷ ಎಂದು ಹೇಳಲಾಗದು. ಇದನ್ನು ವಾಸಿ ಮಾಡುವ ಔಷಧಿ ತಮ್ಮ ಬಳಿ ಇಲ್ಲ. ಸದ್ಯಕ್ಕೆ ಓದು ಬರಹಕ್ಕೆ ತೊಂದರೆಯಿಲ್ಲ, ಶಾಲೆ ಬಿಡಿಸಬೇಡಿ.

ವಾಪಸು ಬರುವ ಬಸ್ಸಿನಲ್ಲಿ ಅನ್ವಿತಾ ಕಿಟಕಿಯ ಪಕ್ಕ ಕೂತಳು. ಹನಿ ಹಾಕಿದ್ದ ಮಂಜು ಇಳಿದಂತೆ ದಾರಿಯುದ್ದಕ್ಕೂ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ ಬಂದಳು. ಟೈರಿನ ಅಂಗಡಿ, ಮಂಡಕ್ಕಿ ಅಂಗಡಿ, ಕಲ್ಯಾಣ ಮಂಟಪ, ಯಾವುದನ್ನೂ ಬಿಡಲಿಲ್ಲ. ಯಾರೂ ಅವಳನ್ನು ಓದು ಎಂದಿರಲಿಲ್ಲ. ತರೀಕೆರೆ ಎಂಬ ಬೋರ್ಡು ಬಂದಾಗ ಅದನ್ನು ಓದಿ, "ನೋಡು, ಎಲ್ಲ ಕಾಣುತ್ತಲ್ಲ?" ಎಂದು ಅಪ್ಪನ ಕಡೆ ತಿರುಗಿದಳು.

"ಕಾಣುತ್ತೆ ಮಗಾ," ಎಂದ ತಿಪ್ಪೇಶ.

ಆ ರಾತ್ರಿಯೂಟದ ಹೊತ್ತಿಗೆ ವಿದ್ಯಾಶ್ರೀ ಕಂಬಳಿ ಬಿಚ್ಚಲು ಸ್ಟೂಲು ಎಳೆದಳು. ಅನ್ವಿತಾ ಅಡ್ಡ ಬಂದಳು. "ಹನ್ನೊಂದು ಜನಕ್ಕೆ ಹೇಳ್ಬಿಟ್ಟಿದೀನಿ ಅಮ್ಮ. ವಿಭಾ ಬಿಳಿ ಫ್ರಾಕು ತಗೊಂಡಿದಾಳೆ, ಕತ್ಲೇಲಿ ಕಾಣ್ಲಿ ಅಂತ."

"ಲೈಟು ಹಾಕ್ಕೊಂಡೇ ಮಾಡಣ ಕಂದ."

"ಬೇಡ. ಲೈಟು ಹಾಕಿದ್ರೆ ಯಾಕೆ ಅಂತ ಕೇಳ್ತಾರೆ." ಸ್ವಲ್ಪ ತಡೆದು, "ತಟ್ಟೆ ನಾನೇ ಹಂಚ್ಬೇಕು. ವಿಭಾ ಪಾರ್ಟೀಲಿ ಅವ್ಳೇ ಹಂಚಿದ್ಲು. ಬಿದ್ರೆ ಮಾತ್ರ ಎಲ್ರೂ ನಗ್ತಾರೆ," ಎಂದಳು.

ಕಾಂತಮ್ಮ ಎದ್ದು ಹೋಗಿ ಕಂಬಳಿಯ ಗಂಟು ಕಟ್ಟಿ ತಂದಿದ್ದ ಹಗ್ಗವನ್ನು ಹುಡುಕಿ ತಂದಳು. ತಮ್ಮನ ಮುಂದೆ ಇಟ್ಟಳು.

ತಿಪ್ಪೇಶ ಅದರ ಸಿಕ್ಕು ಬಿಡಿಸಿದ. ಆಮೇಲೆ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದ, ಇನ್ನೊಂದನ್ನು ಅಡಿಗೆಮನೆಯ ಬಾಗಿಲ ಚಿಲಕಕ್ಕೆ. ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅವಳ ಸೊಂಟದ ಎತ್ತರಕ್ಕೆ ಅಳತೆ ನೋಡಿದ. ಗಂಟು ಹಾಕುವಾಗ ಅವನ ಕೈ ತಡವರಿಸಲಿಲ್ಲ. ಆ ಕೈಗೆ ರೂಢಿಯಿದ್ದ ಗಂಟು ಅದು.

ಉಳಿದ ಮೂರು ದಿನ, ಶಾಲೆಯಿಂದ ಬಂದ ಕೂಡಲೇ ಅನ್ವಿತಾ ಕಣ್ಣು ಮುಚ್ಚಿಕೊಂಡು ಹಗ್ಗ ಹಿಡಿದು ಓಡಾಡಿದಳು. ಹದಿನಾಲ್ಕು ಹೆಜ್ಜೆ ಆ ಕಡೆ, ಹದಿನಾಲ್ಕು ಈ ಕಡೆ. ಕೊನೆಯ ದಿನ ಎಡಗೈಯಲ್ಲಿ ನೀರು ತುಂಬಿದ ಲೋಟವಿಟ್ಟ ತಟ್ಟೆ ಹಿಡಿದು ನಡೆದು, ಒಂದು ಹನಿ ಚೆಲ್ಲದೆ ದಾಟಿದಳು. ವಿದ್ಯಾಶ್ರೀ ಚಪ್ಪಾಳೆ ತಟ್ಟಿ, ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಭಾನುವಾರ ನಾಲ್ಕಕ್ಕೆ ಮಕ್ಕಳು ಬಂದರು. ಮಗಳನ್ನು ಬಿಡಲು ಬಂದ ವಿಭಾಳ ತಾಯಿ ಬಾಗಿಲಲ್ಲಿ ನಿಂತು, "ಇದೇನ್ರೀ, ಹಾಲ್‌ನಲ್ಲಿ ಹಗ್ಗ?" ಎಂದರು.

"ಆಟಕ್ಕೆ ಕಣ್ರೀ," ಎಂದಳು ವಿದ್ಯಾಶ್ರೀ.

ಕೇಕು ಕತ್ತರಿಸಿದ್ದಾಯಿತು. ತಿಪ್ಪೇಶ ಎಲ್ಲರ ಕೈಯ ಹಿಂಬದಿಗೆ ಒಂದೊಂದು ನಕ್ಷತ್ರ ಅಂಟಿಸಿದ, ಮಗಳಿಗೆ ಎಲ್ಲಕ್ಕಿಂತ ದೊಡ್ಡದು. ಲೈಟು ಆರಿತು. ಹನ್ನೊಂದು ಮಕ್ಕಳು ಒಟ್ಟಿಗೆ ಕಿರುಚಿದ ಸದ್ದಿಗೆ ಓಣಿಯ ನಾಯಿ ಬೊಗಳಿತು. ಗೋಡೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಗಿದರು. ಟ್ರ್ಯಾಕ್ಟರು ಕಂಡು ಬಿದ್ದು ಬಿದ್ದು ನಕ್ಕರು. ಅನ್ವಿತಾಳ ನಗುವೂ ಅವರ ನಗುವಿನೊಳಗೆ ಕೇಳಿಸುತ್ತಿತ್ತು, ಅರೆಕ್ಷಣ ತಡವಾಗಿ.

ವಿದ್ಯಾಶ್ರೀ ಅಡಿಗೆಮನೆಯ ಬಾಗಿಲಲ್ಲಿ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು ಕಾಯುತ್ತಿದ್ದಳು. ಹಾಲ್‌ನ ಆ ತುದಿಯಲ್ಲಿ ದೊಡ್ಡ ನಕ್ಷತ್ರವೊಂದು ಉಳಿದವುಗಳಿಂದ ಬೇರೆಯಾಯಿತು. ಕುಣಿದಾಡುತ್ತಿದ್ದ ಸಣ್ಣ ನಕ್ಷತ್ರಗಳ ನಡುವೆ ಅದೊಂದೇ ಒಂದು ಎತ್ತರದಲ್ಲಿ, ನೇರವಾಗಿ, ಮೆಲ್ಲಗೆ ಬರುತ್ತಿತ್ತು. ವಿದ್ಯಾಶ್ರೀ ಹೆಜ್ಜೆ ಎಣಿಸಿದಳು. ಹದಿನಾಲ್ಕಕ್ಕೆ ಮಗಳ ಬಿಸಿಯುಸಿರು ಕೈಗೆ ತಾಗಿತು.

"ಅಮ್ಮ?"

"ಇಲ್ಲೇ ಇದೀನಿ."

ಅನ್ವಿತಾ ತಟ್ಟೆಯನ್ನು ತಡವಿ ಎಡಗೈಗೆ ತೆಗೆದುಕೊಂಡಳು. ಹಗ್ಗ ಹಿಡಿದ ಬಲಗೈಯನ್ನು ಸ್ವಲ್ಪ ಮೇಲೆತ್ತಿದಳು.

"ನನ್ನ ಕೈಮೇಲಿರೋದು ಹೊಳೀತಿದೆಯಾ?" ಎಂದು ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ಹೊಳೀತಿದೆ ಕಂದ. ಹಸಿರಾಗಿ."

"ಸರಿ," ಎಂದಳು ಮಗಳು. ನಕ್ಷತ್ರ ಹಗ್ಗದ ಮೇಲೆ ಇಳಿದು, ತಿರುಗಿ ಮಕ್ಕಳ ಗದ್ದಲದ ಕಡೆಗೆ ಹೊರಟಿತು.