ಒಂದು ಬೆರಳಿನ ಜಾಗ

ನಲ್ಲಿ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೆರೆಯುತ್ತಿದ್ದವನು ನಾನು. ನಾನು ಕೂಡಿಸಿದ ಪೈಪಿನಿಂದ ಒಂದು ಹನಿ ತೊಟ್ಟಿಕ್ಕಿದರೂ ದುಡ್ಡು ಬೇಡ ಎಂದು ಬೀದಿಗೆಲ್ಲ ಸಾರಿಕೊಂಡಿದ್ದೆ. ಆ ಜಂಬ ಕೊನೆಗೆ ಅಕ್ಕನ ಕರುವಿನ ಕಾಲಿಗೆ ಬಂತು.

ಅಕ್ಕನಿಗಿರುವುದು ಒಂದೇ ಹಸು. ಅದು ಈದ ಬೆಳಿಗ್ಗೆ ಫೋನ್ ಮಾಡಿದಳು.

"ಕರುವಿನ ಮುಂಗಾಲು ಎರಡೂ ಮಡಚ್ಕೊಂಡಿದೆ ಕಣೋ. ನಿಲ್ಲೋಕೇ ಆಗ್ತಿಲ್ಲ. ದನದ ಡಾಕ್ಟರಮ್ಮ ನಾಳೆ ಬರ್ತಾರಂತೆ, ಅಲ್ಲಿವರೆಗೆ ಪೈಪ್ ಸೀಳಿ ದಬ್ಬೆ ಕಟ್ಟಿ ಅಂದ್ರು. ಪೈಪ್ ಅಂದ್ರೆ ನೀನೇ ಅಲ್ವಾ."

ಹೋದೆ. ಕರು ಗೊರಸನ್ನು ಹಿಂದಕ್ಕೆ ಮಡಚಿಕೊಂಡು ಗಿಣ್ಣಿನ ಮೇಲೆ ಏಳಲು ನೋಡುವುದು, ಮುಗ್ಗರಿಸುವುದು, ಮತ್ತೆ ಏಳುವುದು. ಡಾಕ್ಟರಮ್ಮ ಫೋನಿನಲ್ಲೇ ಹೇಳಿಕೊಟ್ಟರು. "ಕಾಲಿನ ನರ ಮೊಟಕಾಗಿದೆ, ದಿನ ಕಳೆದಂಗೆ ಹಿಗ್ಗುತ್ತೆ. ಹತ್ತಿ ದಪ್ಪಗೆ ಹಾಕಿ. ಕಟ್ಟಿದ್ಮೇಲೆ ಒಳಗೆ ಒಂದು ಬೆರಳು ಹೋಗಬೇಕು. ಹೋಗಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಕಟ್ಟಿ."

ಪೈಪನ್ನು ಉದ್ದಕ್ಕೆ ಸೀಳಿ, ಅಂಚು ಉಜ್ಜಿ, ಹತ್ತಿಯಿಟ್ಟು ಬ್ಯಾಂಡೇಜ್ ಸುತ್ತಿದೆ. ಕರು ನಿಂತುಬಿಟ್ಟಿತು. ಅಲ್ಲಿಗೆ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಎಡಗಾಲಿನ ಬ್ಯಾಂಡೇಜು ಕೊಂಚ ಸಡಿಲ ಅನ್ನಿಸಿತು. ಜೇಬಿನಲ್ಲಿ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪಿತ್ತು. ಎಳೆದೆಳೆದು ಎಂಟು ಸುತ್ತು ಹಾಕಿದೆ.

"ಬೆರಳು ಹೋಗುತ್ತಾ?" ಅಕ್ಕ ಕೇಳಿದಳು.

ತೂರಿಸಿ ನೋಡಿದೆ. ಹೋಗಲಿಲ್ಲ. ನನ್ನ ಬೆರಳೇ ದಪ್ಪ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, "ಆರಾಮಾಗಿ ಹೋಗುತ್ತೆ" ಎಂದೆ.

ಸಂಜೆ ಮತ್ತೆ ಫೋನ್. "ಕರು ಒಂದೇ ಸಮ ಕೂಗ್ತಿದೆ. ಸ್ವಲ್ಪ ಸಡಿಲ ಮಾಡ್ಲಾ?"

"ಮುಟ್ಟಬೇಡ. ಕಟ್ಟಿರೋದು ಯಾರು ಅನ್ಕೊಂಡೆ?"

ಮರುದಿನ ನನ್ನೆದುರೇ ಡಾಕ್ಟರಮ್ಮ ಕತ್ತರಿಯಿಂದ ಟೇಪು ಕತ್ತರಿಸಿದರು. ಅದರಡಿಯಲ್ಲಿ ಚರ್ಮ ಬಿರಿದಿತ್ತು, ಗೊರಸು ತಣ್ಣಗಾಗಿತ್ತು. "ಇನ್ನರ್ಧ ದಿನ ಬಿಟ್ಟಿದ್ರೆ ಕಾಲೇ ಹೋಗ್ತಿತ್ತು. ಯಾರು ಹೀಗೆ ಬಿಗಿದಿದ್ದು?"

ಬಾಗಿಲಲ್ಲಿ ಪಕ್ಕದ ಮನೆ ಅಜ್ಜಿ ನಿಂತಿದ್ದರು. ಅವರ ಮನೆಯ ನಲ್ಲಿಗಳೆಲ್ಲ ನನ್ನವೇ. ಟೇಪಿನ ಸುರುಳಿಯನ್ನು ಜೇಬಿನಾಳಕ್ಕೆ ತಳ್ಳಿದೆ.

"ನಾನೇ ಡಾಕ್ಟ್ರೇ," ಎಂದಳು ಅಕ್ಕ. "ಸಡಿಲ ಆದಂಗೆ ಕಾಣಿಸ್ತು, ಬಿಗಿದುಬಿಟ್ಟೆ."

ಡಾಕ್ಟರಮ್ಮ ಅಕ್ಕನನ್ನು ಹಿಗ್ಗಾಮುಗ್ಗಾ ಬೈದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪೈಪಿನ ಚೂರು ಹೆಕ್ಕುತ್ತಾ ಕೂತೆ. ಹೆಕ್ಕಲು ಇದ್ದದ್ದೇ ಎರಡು ಚೂರು.

ಅಕ್ಕ ದಿನಾ ಬಿಚ್ಚಿ, ಗಾಯ ತೊಳೆದು, ಕಾಲು ನೀವಿ, ಬೆರಳು ತೂರಿಸಿ ನೋಡಿ ಮತ್ತೆ ಕಟ್ಟಿದಳು. ಮೂರೇ ವಾರಕ್ಕೆ ಕರು ಕುಣಿಯತೊಡಗಿತು. ಗಾಯವಾಗಿದ್ದಲ್ಲಿ ಕೂದಲು ಬೆಳ್ಳಗೆ ಹುಟ್ಟಿತು, ಸರಿಯಾಗಿ ಟೇಪಿನಷ್ಟಗಲ. ಬಂದವರಿಗೆಲ್ಲ ಅಕ್ಕ, "ನಮ್ಮ ತಮ್ಮನೇ ಕಾಲು ನೆಟ್ಟಗೆ ಮಾಡಿದ್ದು" ಅನ್ನುತ್ತಾಳೆ. ಕೊಂಕಿಲ್ಲದೆ ಅನ್ನುತ್ತಾಳೆ, ಅದಕ್ಕೇ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತದೆ.

ಮುಂದೊಮ್ಮೆ ಡಾಕ್ಟರಮ್ಮ ಕರು ನೋಡಿ ಹೊರಟಾಗ ಗೇಟಿನವರೆಗೂ ಹಿಂದೆ ಹೋದೆ. "ಅವತ್ತು ಬಿಗಿದಿದ್ದು ನಾನು."

"ಗೊತ್ತು," ಎಂದರು. "ನಲ್ಲಿ ಟೇಪ್ ಅಷ್ಟು ನೀಟಾಗಿ ಸುತ್ತೋಕೆ ನಿಮ್ಮಕ್ಕನಿಗೆಲ್ಲಿ ಬರುತ್ತೆ."

"ಮತ್ತೆ ಅವಳನ್ಯಾಕೆ ಬೈದ್ರಿ?"

"ನೀವು ಬಾಯಿ ಬಿಡ್ತೀರೇನೋ ಅಂತ. ಬೈದಿದ್ದು ಮುಗಿಯೋವರೆಗೂ ಕಾದೆ."

ಸ್ಕೂಟರ್ ಹೋಯಿತು. ಕೊಟ್ಟಿಗೆಯಲ್ಲಿ ಅಕ್ಕ ಪಕ್ಕದ ಮನೆ ಅಜ್ಜಿಗೆ ಕರು ತೋರಿಸುತ್ತಿದ್ದಳು. "ನಮ್ಮ ತಮ್ಮನೇ ಕಟ್ಟಿದ್ದು."

ಒಳಗೆ ಹೋದೆ. "ಆ ಗಾಯ ಮಾಡಿದ್ದೂ ನಾನೇ ಅಜ್ಜಿ," ಎಂದೆ. "ಅಕ್ಕ ಅಲ್ಲ."

ಅಜ್ಜಿ ಅಕ್ಕನ ಮುಖ ನೋಡಿದರು. ಅಕ್ಕ ಕರುವಿನ ಬೆನ್ನು ಸವರುತ್ತಿದ್ದಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.