ಕಣಿವೆಗೆ ಅಡ್ಡ ನಿಂತವನು

ನನ್ನ ಗಂಡ ಮಾರಣ್ಣ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಸವಾರ. ಜರ್ಮನಿಯವರ ಮೇಲೆ ಯುದ್ಧ ಶುರುವಾದ ವರ್ಷ, ಹಡಗು ಹತ್ತುವ ಮೊದಲು ಮನೆಯವರ ಮುಖ ನೋಡಿಕೊಂಡು ಬಾ ಎಂದು ರಜ ಕೊಟ್ಟು ಕಳಿಸಿದ್ದರು. ಚಳ್ಳಕೆರೆ ತನಕ ಗಾಡಿ, ಅಲ್ಲಿಂದ ದೇವಸಮುದ್ರದ ಪಕ್ಕದ ನಮ್ಮ ಹಟ್ಟಿಗೆ ಕಾಲ್ನಡಿಗೆ. ಬಂದವನು ಸುಮ್ಮನಿರಬೇಕೋ ಬೇಡವೋ? ದನಗಳ್ಳರ ಕಾಟ ಹೆಚ್ಚಾಗಿದೆ ಎಂದು ಕೇಳಿದ್ದೇ ತಡ, ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕವಾಯತು ಶುರು ಹಚ್ಚಿದ.

ಜೋಳದ ದಂಟಿನ ಕಂತೆ ನಿಲ್ಲಿಸಿ, ಅವೇ ಕಳ್ಳರು ಎಂದ. "ಈಟಿ ಮುಂದಕ್ಕೆ! ಏನೇ ಬರ್ಲಿ, ಸಾಲು ಬಿಟ್ಟು ಕದಲಬಾರ್ದು!"

ನಮ್ಮ ಶೂರರು ದಂಟನ್ನು ಚುಚ್ಚಿ ಚುಚ್ಚಿ ಪುಡಿ ಮಾಡಿದರು.

"ದನದ ಮೇವು ಅದು, ಒಂದಿಷ್ಟು ಉಳಿಸ್ರಪ್ಪಾ," ಎಂದೆ.

"ನಿಂಗೇನ್ ಗೊತ್ತೈತೆ ಪಾಲಿ, ಸುಮ್ನಿರು," ಎಂದು ಅವನು ನಕ್ಕ.

ಬಾಯಲ್ಲಿ ಬೈದರೂ ನನಗೆ ಒಳಗೊಳಗೇ ಧೈರ್ಯ ಬಂತು. ಇಷ್ಟೆಲ್ಲ ಕಲಿತವನು ಕಡಲಾಚೆಯಿಂದಲೂ ಜೀವಂತ ಬಂದೇ ಬರುತ್ತಾನೆ ಅನ್ನಿಸಿತು. ನನಗೆ ಬೇಕಿದ್ದದ್ದು ಅಷ್ಟೇ.

ಅವನು ಹೊರಡುವ ಹಿಂದಿನ ದಿನ ನಾನು ಗುಡ್ಡದ ಮೇಲೆ, ಬಂಡೆ ನಡುವಿನ ದೊಣೆಯಲ್ಲಿ ಕೊಡಕ್ಕೆ ನೀರು ತುಂಬಿಸುತ್ತಿದ್ದೆ. ಎತ್ತು ಕಾಯುವ ಬೊಮ್ಮಲಿಂಗಪ್ಪ ಬಿದ್ದು ಎದ್ದು ಓಡಿಬಂದ.

"ಅಯ್ಯಯ್ಯೋ, ಕಳ್ರು! ದೇವರ ಎತ್ತು ಹೊಡ್ಕಂಡು ಕಣಿವೆ ಕಡೀಗೆ ಬರ್ತಾವ್ರೆ!"

ದೇವರ ಎತ್ತಿಗೆ ನಾವು ನೊಗ ಕಟ್ಟುವುದಿಲ್ಲ, ಕೋಲು ತಾಕಿಸುವುದಿಲ್ಲ, ಅವುಗಳನ್ನು ಕೂಡುವ ರೊಪ್ಪಕ್ಕೆ ಕೆರ ಮೆಟ್ಟಿ ಹೋಗುವುದಿಲ್ಲ. ಗಂಡಸರು ಈಟಿ ಹಿಡಿದು ಓಡಿದರು. ನನ್ನ ಗಂಡ ಅವರನ್ನು ಕಣಿವೆಗೆ ಅಡ್ಡ ನಿಲ್ಲಿಸಿ, ತಾನು ನಡುವೆ ನಿಂತ. ನಾನು ಮೇಲಿನ ಬಂಡೆಯಿಂದ ಎಲ್ಲ ಕಂಡೆ.

ಧೂಳೆದ್ದಿತು. ಮುಂದೆ ಒಬ್ಬ ಕಳ್ಳನೂ ಇಲ್ಲ! ಮುಂದಿದ್ದದ್ದು ಎತ್ತುಗಳು, ಕಳ್ಳರು ಅವುಗಳ ಬೆನ್ನಿಗೆ. ಇದನ್ನು ಯಾವ ಕವಾಯತಿನಲ್ಲಿ ಹೇಳಿಕೊಟ್ಟಿದ್ದರು? ದೇವರ ಎತ್ತಿಗೆ ಈಟಿ ತೋರಿಸುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬೊಬ್ಬರೇ ಈಟಿ ಕೆಳಗಿಟ್ಟು, ಕೈ ಮುಗಿದು ದಾರಿ ಬಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕಳ್ಳ ತುಪಾಕಿ ಹಾರಿಸಿದ. ಎತ್ತುಗಳು ಬೆದರಿ ದಿಕ್ಕೆಟ್ಟು ನುಗ್ಗಿದವು.

ನನ್ನ ಗಂಡ ಮಾತ್ರ ನಿಂತೇ ಇದ್ದ. ಧೈರ್ಯದಿಂದಲ್ಲ. ಬಾಯಿ ತೆರೆದಿತ್ತು, ಕಾಲು ಬರುತ್ತಿರಲಿಲ್ಲ.

"ಮಾರಣ್ಣಾ! ಓಡೋ! ಓಡೋ ನಮ್ಮಪ್ಪಾ!"

ಹುಟ್ಟಿದ ಮೇಲೆ ಗಂಡನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಅವನು ಧೂಳಿನಲ್ಲಿ ಮುಚ್ಚಿಹೋದ. ಸೊಂಟದ ಕೊಡ ಇಳಿಸಬೇಕೆಂದೂ ತೋಚದೆ ಕೆಳಕ್ಕೆ ಓಡಿದೆ.

ಎತ್ತುಗಳು ಕಣಿವೆ ದಾಟಿ, ಗುರುತಿನ ದಾರಿ ಹಿಡಿದು ತಮ್ಮ ರೊಪ್ಪಕ್ಕೇ ಸೇರಿಕೊಂಡವು. ಕಳ್ಳರು ಬರಿಗೈಲಿ ಪರಾರಿ. ನನ್ನ ಗಂಡ, ಅದು ಹೇಗೆ ಹೊಕ್ಕನೋ, ಎರಡು ಬಂಡೆಗಳ ಸಂದಿಯಲ್ಲಿ ಮುದುರಿಕೊಂಡಿದ್ದ. ಮೈಗೆ ಏನೂ ಆಗಿರಲಿಲ್ಲ, ನಮ್ಮವ್ವ ಮಾರಮ್ಮ ದೊಡ್ಡವಳು. ಆದರೆ ಹಲ್ಲು ಕಟಕಟ ಎನ್ನುತ್ತಿತ್ತು.

"ಸಾಲು... ಸಾಲು ಬಿಡ್ಬ್ಯಾಡ್ರಿ..."

ಪಂಚೆ ಒದ್ದೆಯಾಗಿತ್ತು. ಅತ್ತ ಜನ ಕೂಗುತ್ತಾ ಬರುತ್ತಿದ್ದರು. ನಾನು ಹಿಂದೆ ಮುಂದೆ ನೋಡದೆ ಕೊಡದ ನೀರಷ್ಟನ್ನೂ ಅವನ ತಲೆಯ ಮೇಲೆ ಸುರಿದೆ.

"ಯಾಕವ್ವ, ಏನಾತು?" ಎಂದ ಹಟ್ಟಿಯ ಹಿರಿಯ ಕ್ಯಾತಪ್ಪ.

"ದಣಿದವ್ನೆ, ಅದ್ಕೇ ಹುಯ್ದೆ ಕಣ್ರಿ."

"ಭಲೇ ಮಾರಣ್ಣ! ನಾವೆಲ್ಲ ಸರಿದ್ರೂ ನೀನೊಬ್ನು ನಿಂತೆ ಕಣ್ಲೇ! ಜರ್ಮನಿಯೋರಿಗೆ ಐತೆ ಹಬ್ಬ!"

ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಮರುದಿನ ಬೆಳಿಗ್ಗೆ ಇಡೀ ಹಟ್ಟಿಯೇ ಉರುಮೆ ಬಾರಿಸುತ್ತಾ ಅವನನ್ನು ಕಳಿಸಲು ಬಂತು. ಚಳ್ಳಕೆರೆ ದಾರಿಯಲ್ಲಿ ನಾವಿಬ್ಬರೂ ಸ್ವಲ್ಪ ಮುಂದಾದೆವು. ಅವನು ನನ್ನ ಮುಖ ನೋಡಲಿಲ್ಲ.

"ಪಾಲಿ, ನಿನ್ನೆ ಬಂದಿದ್ದು ನಮ್ಮ ಎತ್ತು. ಅಲ್ಲಿ ಬರೋರು ನನ್ನ ಕೊಲ್ಲಾಕೇ ಬರ್ತಾರೆ. ನೀರು ಹುಯ್ಯಾಕೆ ನೀನಿರಲ್ಲ."

ಭಯವಾಯಿತು, ತುಂಬಾ ಭಯವಾಯಿತು. ಹೋಗಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಎಲ್ಲರೂ ಒಟ್ಟಿಗೆ ಅವನ ಹೆಸರು ಹೇಳಿ ಜೈಕಾರ ಹಾಕಿದರು. ಅವನು ಅವರ ಕಡೆ ತಿರುಗಿ, ಕೈಯೆತ್ತಿ ನಕ್ಕು, ಹೊರಟೇಬಿಟ್ಟ.